ಗಾಳಿಗೊಡ್ಡಿದ ಎಂಜಿನ್ನು

ಇಟಲಿ ದೇಶದ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ಅಡಿಯಲ್ಲಿ, ಕೋಮೋ ಎಂಬ ಸರೋವರವಿದೆ. ಅದು ತಲೆಕೆಳಗಾಗಿ ಹಿಡಿದ ಕವೆಗೋಲಿನಂತೆ ದಕ್ಷಿಣಕ್ಕೆ ಎರಡು ಕಾಲುಗಳಾಗಿ ಒಡೆದಿದೆ. ಪೂರ್ವದ ಕಾಲಿನ ದಡದಲ್ಲಿ, ನೀರಿಗೂ ಬೆಟ್ಟಕ್ಕೂ ನಡುವೆ ಇರುಕಿಕೊಂಡಂತೆ, ಮಾಂಡೆಲ್ಲೋ ದೆಲ್ ಲಾರಿಯೋ ಎಂಬ ಸಣ್ಣ ಊರಿದೆ. 1921ರಿಂದಲೂ ಈ ಊರಿನಲ್ಲಿ ಮೋಟೋ ಗುಟ್ಸಿ ಎಂಬ ಸಂಸ್ಥೆ ಮೋಟಾರುಸೈಕಲ್ಲುಗಳನ್ನು ತಯಾರಿಸುತ್ತ ಬಂದಿದೆ. ಅಲ್ಲಿಂದ ಇಂದು ಹೊರಬೀಳುವ ಯಂತ್ರಗಳಲ್ಲಿ ವಿ-7 ಎಂಬುದು ಒಂದು.

ಈ ವಾಹನವನ್ನು ಮೊದಲ ಸಲ ಕಂಡವರು ಅದನ್ನು ಅರವತ್ತು ವರ್ಷಗಳ ಹಿಂದಿನದೆಂದೇ ತಿಳಿದರೆ ಆಶ್ಚರ್ಯವಿಲ್ಲ. ಮುಂದೆ ದುಂಡನೆಯ ದೀಪ, ಅದರ ಹಿಂದೆ ಉದ್ದವಾಗಿ, ಮೊಣಕಾಲುಗಳಿಗೆ ಒತ್ತುಕೊಡುವಂತೆ ಬಳುಕಿಸಿದ ಪೆಟ್ರೋಲ್ ಟ್ಯಾಂಕು, ಚಪ್ಪಟೆಯಾದ ಆಸನ, ಹಿಂದಿನ ಚಕ್ರದ ಇಕ್ಕೆಲಗಳಲ್ಲಿ ಎರಡು ಸುರುಳಿ ಸ್ಪ್ರಿಂಗುಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣನ್ನು ಸೆಳೆಯುವುವು ಟ್ಯಾಂಕಿನ ಕೆಳಗಿನಿಂದ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವ, ಪದರಪದರವಾಗಿ ಲೋಹದ ರೆಕ್ಕೆಗಳನ್ನು ಹೊದ್ದ ಎರಡು ಸಿಲಿಂಡರುಗಳು. ಆದರೆ ಈ ಯಂತ್ರದ ಇಂಧನವನ್ನು ಅಳೆದು ಸಿಂಪಡಿಸುವುದು ವಿದ್ಯುನ್ಮಾನ ಗಣಕ. ಬ್ರೇಕು ಒತ್ತಿದಾಗ ಚಕ್ರ ಸ್ತಂಭಿಸಿ ಜಾರದಂತೆ ಕಾಯುವುದೂ ಗಣಕವೇ. ಅದು ಬಿಡುವ ಹೊಗೆ ಯೂರೋಪಿನ ಇತ್ತೀಚಿನ ಕಟ್ಟುನಿಟ್ಟಿನ ನಿಯಮಗಳೊಳಗೆ ಇರತಕ್ಕದ್ದು.

ಹಳೆಯ ರೂಪದ ಹೊಸ ವಾಹನಗಳಿಗೆ ಈಗ ಎಲ್ಲ ದೇಶಗಳಲ್ಲಿಯೂ ಬೇಡಿಕೆಯಿದೆ. ಅಂಥವುಗಳನ್ನು ನೋಡುವಾಗ ಯಂತ್ರಶಾಸ್ತ್ರದಲ್ಲಿ ಆಸಕ್ತಿಯುಳ್ಳವನಿಗೆ ಒಂದು ಪ್ರಶ್ನೆ ಏಳದಿರದು. ಇದರಲ್ಲಿ ವೇಷವೆಷ್ಟು, ದೇಹವೆಷ್ಟು? ಹಳೆಯದಾಗಿ ಕಾಣುವ ಭಾಗ ಇನ್ನೂ ತನ್ನ ಹಳೆಯ ಕೆಲಸವನ್ನು ಮಾಡುತ್ತಿದೆಯೋ, ಅಥವಾ ನಾಟಕದ ಅರಸನ ಖಡ್ಗದಂತೆ ಬರಿಯ ತೋರಿಕೆಗೆ ನಿಂತಿದೆಯೋ? ವಿ-7 ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಯಂತ್ರ. ಅದರ ಉತ್ತರ ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ.

ಸಂಸ್ಥೆಯ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬಹುದು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆಯ ವಿಮಾನದಳದಲ್ಲಿ ಮೂವರು ಗೆಳೆಯರಿದ್ದರು: ಯಂತ್ರಕುಶಲಿಯಾದ ಕಾರ್ಲೋ ಗುಟ್ಸಿ, ವೈಮಾನಿಕರಾದ ಜಾರ್ಜಿಯೋ ಪರೋದಿ ಮತ್ತು ಜೊವಾನ್ನಿ ರವೆಲ್ಲಿ. ಯುದ್ಧ ಮುಗಿದ ಮೇಲೆ ಮೋಟಾರುಸೈಕಲ್ಲಿನ ಕಾರ್ಖಾನೆಯೊಂದನ್ನು ತೆರೆಯಬೇಕೆಂದು ಅವರು ಸಂಕಲ್ಪಿಸಿದ್ದರು. ರವೆಲ್ಲಿ 1919ರಲ್ಲಿ ವಿಮಾನಾಪಘಾತದಲ್ಲಿ ಮಡಿದನು. ಉಳಿದಿಬ್ಬರು 1921ರ ಮಾರ್ಚಿಯಲ್ಲಿ ಸಂಸ್ಥೆಯನ್ನು ಸ್ಥಾಪಿಸಿ, ಅಗಲಿದ ಗೆಳೆಯನ ನೆನಪಿಗಾಗಿ ರೆಕ್ಕೆ ಹರಡಿದ ಗರುಡನನ್ನು ಲಾಂಛನವಾಗಿಟ್ಟುಕೊಂಡರು. ಇಂದಿನ ವಿ-7ರ ಟ್ಯಾಂಕಿನ ಮೇಲೂ ಆ ಪಕ್ಷಿಯಿದೆ. ಮೊದಲ ನಾಲ್ಕು ದಶಕಗಳ ಕಾಲ ಗುಟ್ಸಿಯ ಹೆಸರಾಂತ ವಾಹನಗಳಲ್ಲಿ ಹೆಚ್ಚಿನವು ಮುಂದಕ್ಕೆ ಮಲಗಿಸಿದ ಒಂದೇ ಸಿಲಿಂಡರಿನವು. ಎರಡು ಸಿಲಿಂಡರುಗಳನ್ನು ಅಡ್ಡಲಾಗಿ ನಿಲ್ಲಿಸಿದ ಎಂಜಿನ್ನು ಬಂದದ್ದು 1960ರ ದಶಕದಲ್ಲಿ. ಅದರ ಕರ್ತೃ ಜೂಲಿಯೋ ಚೆಸಾರೆ ಕಾರ್ಕಾನೋ. 500 ಘನ ಸೆಂಟಿಮೀಟರಿನೊಳಗೆ ಎಂಟು ಸಿಲಿಂಡರುಗಳನ್ನು ಅಡಕಿದ ಪಂದ್ಯದ ಯಂತ್ರವೊಂದನ್ನು 1950ರ ದಶಕದಲ್ಲಿ ರಚಿಸಿ ಹೆಸರಾಗಿದ್ದವನೇ ಈತ. ಅಷ್ಟು ಜಟಿಲವಾದ ಯಂತ್ರವನ್ನು ಕಲ್ಪಿಸಿದವನೇ ಇಷ್ಟು ಸರಳವಾದುದನ್ನೂ ಕಲ್ಪಿಸಿದನೆಂಬುದು ಗಮನಾರ್ಹ.

ಆಗ ಇಟಲಿಯ ಪೊಲೀಸರಿಗೆ ಹೊಸ ಮೋಟಾರುಸೈಕಲ್ಲು ಬೇಕಾಗಿತ್ತು. ದಿನವಿಡೀ ಓಡಬೇಕು, ಪದೇ ಪದೇ ಕೈಕೊಡಬಾರದು, ರಿಪೇರಿ ಸುಲಭವಾಗಿರಬೇಕು. ಇಂಥ ಅಗತ್ಯಕ್ಕೆ ಉತ್ತರವಾಗಿ ವಿ-7 ರೂಪುಗೊಂಡು, 1967ರಲ್ಲಿ ಮಾರಾಟಕ್ಕೆ ಬಂದಿತು. ಸಿಲಿಂಡರಿನ ವ್ಯಾಸ 80 ಮಿಲಿಮೀಟರು, ಪಿಸ್ಟನ್ನಿನ ಓಟ 70 ಮಿಲಿಮೀಟರು, ಒಟ್ಟು ಗಾತ್ರ ಸುಮಾರು 704 ಘನ ಸೆಂಟಿಮೀಟರು. ಹೆಸರಿನಲ್ಲಿರುವ 7 ಈ ಏಳುನೂರನ್ನೇ ಸೂಚಿಸುತ್ತದೆ. ಹೆಸರಿನಲ್ಲಿರುವ 'ವಿ' ಎರಡು ಸಿಲಿಂಡರುಗಳು ಸೇರಿ ಮಾಡುವ ಆಕಾರವನ್ನು, ಅಂದರೆ ರೋಮನ್ ಲಿಪಿಯ ಆ ಅಕ್ಷರವನ್ನು ಸೂಚಿಸುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಪೊಲೀಸರೂ ಈ ವಂಶದ ವಾಹನಗಳನ್ನು ಕೊಂಡು ಬಳಸಿದರು.

ಈ ಎಂಜಿನ್ನಿನ ಸ್ವಾರಸ್ಯವೆಲ್ಲ ಅದರ ಜೋಡಣೆಯಲ್ಲಿದೆ. ಆದುದರಿಂದ ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಪಿಸ್ಟನ್ನು ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವುದಷ್ಟೆ. ಪ್ರತಿಯೊಂದು ತುದಿಯಲ್ಲಿಯೂ ಅದು ನಿಂತು ಹಿಂದಿರುಗಬೇಕು. ಓಡುತ್ತಿರುವ ಭಾರವನ್ನು ಹೀಗೆ ತಡೆದು ತಿರುಗಿಸುವಾಗ ಎಂಜಿನ್ನೇ ಅದುರುತ್ತದೆ. ಒಂದೇ ಸಿಲಿಂಡರಿನ ವಾಹನಗಳ ಮೇಲೆ ಕುಳಿತವರ ಅಂಗೈ ಜೋಮು ಹಿಡಿಯುವುದು ಇದರಿಂದ. ಕ್ರ್ಯಾಂಕುದಂಡಕ್ಕೆ ಎದುರುಭಾರವನ್ನು ಕಟ್ಟಿ ಈ ಅದುರನ್ನು ಕಡಿಮೆಮಾಡಬಹುದು, ಆದರೆ ಪೂರ್ತಿ ಹೋಗಲಾಡಿಸಲಾಗದು. ಏಕೆಂದರೆ ಪಿಸ್ಟನ್ನಿನ ಬಲ ಒಂದೇ ಗೆರೆಯಲ್ಲಿ ಹಿಂದುಮುಂದಾಗುತ್ತದೆ. ಎದುರುಭಾರದ ಬಲವಾದರೋ ಸುತ್ತಲೂ ತಿರುಗುತ್ತದೆ. ನೆಟ್ಟಗಿನದು ವರ್ತುಲವನ್ನು ಸರಿದೂಗಿಸುವುದೆಂತು?

ಈಗ ಎರಡು ಸಿಲಿಂಡರುಗಳನ್ನು ಒಂದಕ್ಕೊಂದು ಸರಿಯಾಗಿ ಲಂಬಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ ನಿಲ್ಲಿಸಿ, ಎರಡು ಪಿಸ್ಟನ್ನುಗಳನ್ನೂ ಕ್ರ್ಯಾಂಕಿನ ಒಂದೇ ಗೂಟಕ್ಕೆ ಜೋಡಿಸೋಣ. ಒಂದು ಪಿಸ್ಟನ್ನು ತುದಿ ಮುಟ್ಟಿ ಅದರ ಬಲ ಪರಮಾವಧಿಯಲ್ಲಿರುವಾಗ ಇನ್ನೊಂದು ತನ್ನ ಓಟದ ನಡುಭಾಗದಲ್ಲಿದ್ದು ಅದರ ಬಲ ಬಹುಮಟ್ಟಿಗೆ ಸೊನ್ನೆಯಾಗಿರುತ್ತದೆ. ಮೊದಲನೆಯದು ಇಳಿದಂತೆ ಎರಡನೆಯದು ಏರುತ್ತದೆ. ಈ ಎರಡು ಬಲಗಳನ್ನು ಕೂಡಿಸಿದರೆ ಸಿಗುವ ಮೊತ್ತದ ಪರಿಮಾಣ ಎಂದೂ ಬದಲಾಗುವುದಿಲ್ಲ, ದಿಕ್ಕು ಮಾತ್ರ ಕ್ರ್ಯಾಂಕಿನೊಡನೆ ಸುತ್ತುತ್ತ ಹೋಗುತ್ತದೆ. ದಾರಕ್ಕೆ ಕಟ್ಟಿ ಬೀಸಿದ ಕಲ್ಲು ಕೈಯನ್ನು ಎಳೆಯುವ ರೀತಿ ಇದು. ಸುತ್ತುವ ಬಲವನ್ನು ಎದುರು ಬದಿಯಲ್ಲಿ ಸುತ್ತುವ ಭಾರದಿಂದ ಪೂರ್ತಿಯಾಗಿ ಸರಿದೂಗಿಸಬಹುದು. ಹೀಗೆ, ಹೆಚ್ಚಿನ ಯಾವ ಸಾಧನವೂ ಇಲ್ಲದೆ, ಕೇವಲ ಕೋನದ ಆಯ್ಕೆಯಿಂದಲೇ ಅದುರಿನ ಮುಖ್ಯ ಭಾಗ ಇಲ್ಲವಾಗುತ್ತದೆ. ಕ್ರ್ಯಾಂಕು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಬರುವ ಸಣ್ಣ ಅದುರೊಂದು ಮಾತ್ರ ಅಡ್ಡಡ್ಡಲಾಗಿ ಉಳಿದುಕೊಳ್ಳುತ್ತದೆ.

ಇಟಲಿಯ ಇನ್ನೊಂದು ಪ್ರಖ್ಯಾತ ಸಂಸ್ಥೆಯಾದ ಡುಕಾಟಿಯೂ 90 ಡಿಗ್ರಿಯ ಎಂಜಿನ್ನುಗಳನ್ನೇ ಮಾಡುತ್ತದೆ. ಆದರೆ ಅದು ಅವನ್ನು ವಾಹನದ ಉದ್ದಕ್ಕೆ ಇಡುತ್ತದೆ. ಆಗ ಒಂದು ಸಿಲಿಂಡರು ಮುಂದಕ್ಕೆ ಮಲಗುತ್ತದೆ, ಇನ್ನೊಂದು ಸವಾರನ ಕೆಳಗೆ ನಿಲ್ಲುತ್ತದೆ. ವಾಹನ ತೆಳ್ಳಗಿರುತ್ತದೆಂಬುದು ನಿಜ. ಆದರೆ ಹಿಂದಿನ ಸಿಲಿಂಡರಿಗೆ ದೊರೆಯುವುದು ಮುಂದಿನದನ್ನು ದಾಟಿ ಬಂದ ಗಾಳಿ. ಕಾರ್ಕಾನೋ ಕ್ರ್ಯಾಂಕುದಂಡವನ್ನು ವಾಹನದ ಉದ್ದಕ್ಕೆ ಇಟ್ಟು ಸಿಲಿಂಡರುಗಳನ್ನು ಎಡಬಲಗಳಿಗೆ ಚಾಚಿದನು. ಇದರಿಂದ ಎರಡು ಸಿಲಿಂಡರುಗಳಿಗೂ ಸಮನಾಗಿ ಹೊಸ ಗಾಳಿ ತಾಕುತ್ತದೆ. ಕವಾಟಗಳಿರುವ ತಲೆಗಳು ಹೊರಗೇ ಇರುವುದರಿಂದ ಟ್ಯಾಂಕನ್ನು ಕಳಚದೆ, ಒಂದು ಮಣೆಯ ಮೇಲೆ ಕುಳಿತು, ಮುಚ್ಚಳ ಬಿಚ್ಚಿ ಅವನ್ನು ಸರಿಪಡಿಸಬಹುದು. ಪೊಲೀಸು ಗ್ಯಾರೇಜಿನ ಮಿಸ್ತ್ರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಉದ್ದಕ್ಕಿಟ್ಟ ಕ್ರ್ಯಾಂಕಿನ ಇನ್ನೊಂದು ಲಾಭವೆಂದರೆ ಸರಪಳಿಯ ತೊಡಕು ತಪ್ಪುವುದು. ಎಂಜಿನ್ನಿನ ಹಿಂದೆ, ಕಾರಿನಲ್ಲಿರುವಂತೆ, ಎಣ್ಣೆ ಸೋಕದ ಒಣ ಕ್ಲಚ್ಚು. ಅದರ ಹಿಂದೆ ಗೇರುಪೆಟ್ಟಿಗೆ. ಅಲ್ಲಿಂದ ನೆಟ್ಟಗೆ ಹಿಂದಿನ ಚಕ್ರದವರೆಗೆ ಹೋಗುವ ಉಕ್ಕಿನ ದಂಡ. ತಿರುಗುವ ದಿಕ್ಕು ಬದಲಾಗುವುದು ಒಂದೇ ಕಡೆ, ಚಕ್ರದ ನಡುವೆ, ಓರೆ ಹಲ್ಲುಗಳ ಎರಡು ಗಾಲಿಗಳ ಸಂಧಿಯಲ್ಲಿ. ಎಲ್ಲವೂ ಮುಚ್ಚಿದ ಕವಚದೊಳಗಿರುತ್ತದೆ; ಹಲ್ಲುಗಾಲಿಗಳು ಎಣ್ಣೆಯಲ್ಲಿ ತೊಯ್ದಿರುತ್ತವೆ. ಸರಪಳಿಯನ್ನು ಬಿಗಿಗೊಳಿಸುವ, ತೊಳೆಯುವ, ಎಣ್ಣೆ ಹಚ್ಚುವ ಕೆಲಸವಿಲ್ಲ. ಇದಕ್ಕೆ ತೆರಬೇಕಾದ ಬೆಲೆ ತೂಕ. ದಂಡ, ಕವಚ, ಗಾಲಿಗಳೆಲ್ಲ ಸೇರಿ ಸರಪಳಿಗಿಂತ ಹೆಚ್ಚು ಭಾರ.

ಈ ಜೋಡಣೆಯಿಂದ ಒಂದು ವಿಚಿತ್ರವೂ ಉಂಟಾಗುತ್ತದೆ. ನಿಂತಿರುವ ವಿ-7ರ ಮೇಲೆ ಕುಳಿತು ಹಿಡಿಕೆಯನ್ನು ತಿರುವಿ ಎಂಜಿನ್ನನ್ನು ಒಮ್ಮೆಲೆ ಜೋರುಮಾಡಿದರೆ, ವಾಹನ ತಾನಾಗಿಯೇ ಬಲಕ್ಕೆ ಮೆಲ್ಲನೆ ವಾಲುತ್ತದೆ. ಮೊದಲ ಸಲ ಅನುಭವಿಸಿದವರು ಬೆಚ್ಚುವುದುಂಟು. ಇದು ನ್ಯೂಟನ್ನನ ಮೂರನೆಯ ನಿಯಮದ ಕ್ರಿಯೆ. ಒಳಗಿನ ಭಾರವಾದ ಚಕ್ರ ಒಂದು ಕಡೆಗೆ ವೇಗವಾಗಿ ತಿರುಗತೊಡಗಿದಾಗ, ಅದನ್ನು ಹೊತ್ತ ಚೌಕಟ್ಟು ಮರುಕಡೆಗೆ ತಿರುಗಲೆಳಸುತ್ತದೆ. ಕ್ರ್ಯಾಂಕು ಅಡ್ಡಲಾಗಿರುವ ಸಾಮಾನ್ಯ ವಾಹನಗಳಲ್ಲಿಯೂ ಈ ಪ್ರತಿಕ್ರಿಯೆ ಇದ್ದೇ ಇದೆ. ಅಲ್ಲಿ ಅದು ವಾಹನವನ್ನು ಮುಂದಕ್ಕೋ ಹಿಂದಕ್ಕೋ ಒತ್ತುವುದರಿಂದ ಅರಿವಿಗೆ ಬಾರದು, ಅಷ್ಟೆ. ಓಡುವಾಗ ಇದರಿಂದ ತೊಂದರೆಯೇನೂ ಇಲ್ಲ. ಗುಟ್ಸಿಯ ಅಭಿಮಾನಿಗಳಿಗಂತೂ ಈ ವಾಲಾಟ ತಮ್ಮ ಕುದುರೆಯ ಗುರುತೇ ಆಗಿಬಿಟ್ಟಿದೆ.

ಇಂದಿನ ವಿ-7ರ ಚೆಲುವಿಗೆ ಮೂಲ ಮಾತ್ರ 1967ರ ವಾಹನಕ್ಕಿಂತ ಹೆಚ್ಚಾಗಿ 1971ರ ವಿ-7 ಸ್ಪೋರ್ಟ್. ಅದರ ಕರ್ತೃ ಲೀನೋ ತೋಂತಿ. ಗಂಟೆಗೆ 200 ಕಿಲೋಮೀಟರು ವೇಗ, 200 ಕಿಲೋಗ್ರಾಂ ತೂಕ, ಐದು ಗೇರು, ಇವು ಅವನ ಮುಂದಿದ್ದ ಗುರಿಗಳು. ಪೊಲೀಸರ ಗಾಡಿಯಾಗಿ ಎತ್ತರವಾಗಿಯೂ ದಪ್ಪವಾಗಿಯೂ ಇದ್ದ ಯಂತ್ರವನ್ನು ಅಂಥ ವೇಗಕ್ಕೆ ತಗ್ಗಿಸುವುದೆಂತು? ಎತ್ತರಕ್ಕೆ ಕಾರಣ ಎರಡು ಸಿಲಿಂಡರುಗಳ ನಡುವಣ ಕವೆಯಲ್ಲಿ, ಎಂಜಿನ್ನಿನ ನೆತ್ತಿಯ ಮೇಲೆ ಕುಳಿತಿದ್ದ ಡೈನಮೋ. ತೋಂತಿ ಅದನ್ನು ಕಿತ್ತುಹಾಕಿ, ವಿದ್ಯುಜ್ಜನಕವನ್ನು ಕ್ರ್ಯಾಂಕುದಂಡದ ಮುಂತುದಿಗೆ ಸೇರಿಸಿದನು. ತೆರವಾದ ಕವೆಯೊಳಗೆ ಚೌಕಟ್ಟಿನ ನೇರವಾದ ಕೊಳವೆಗಳನ್ನು ಹಾಯಿಸಿದನು. ಟ್ಯಾಂಕೂ ಆಸನವೂ ಕೆಳಗಿಳಿದವು. ವಾಹನಕ್ಕೆ ಮೈಚಾಚಿ ಓಡುವ ಬೇಟೆನಾಯಿಯ ನಿಲುವು ಬಂದಿತು. ಚೌಕಟ್ಟಿನ ಕೆಳಗಿನ ಕೊಳವೆಗಳನ್ನು ಬಿಚ್ಚಿ ಎಂಜಿನ್ನನ್ನು ಹೊರತೆಗೆಯಬಹುದಾಗಿತ್ತು. ಗಾತ್ರವನ್ನು ಮಾತ್ರ ಪಂದ್ಯದ 750ರ ಮಿತಿಯೊಳಗೆ ಬರುವಂತೆ 748 ಘನ ಸೆಂಟಿಮೀಟರಿಗೆ ನಿಲ್ಲಿಸಲಾಯಿತು. ಮೊದಲಲ್ಲಿ ಮಾಡಿದ ಕೆಲವು ಗಾಡಿಗಳ ಚೌಕಟ್ಟಿಗೆ ಕೆಂಪು ಬಣ್ಣ ಬಳಿದಿದ್ದರು. ಇಂದು ಅವು ಸಂಗ್ರಾಹಕರಿಗೆ ಚಿನ್ನಕ್ಕೆ ಸಮ.

ಇಲ್ಲಿಯವರೆಗಿನ ಕಥೆಯನ್ನು ಓದಿದವರು, 2008ರಲ್ಲಿ ವಿ-7 ಕ್ಲಾಸಿಕ್ ಎಂಬ ಹೆಸರಿನಿಂದ ಮತ್ತೆ ಬಂದ ಯಂತ್ರ ಈ ಎಂಜಿನ್ನಿನ ನೇರ ಸಂತಾನವೆಂದು ಭಾವಿಸುವುದು ಸಹಜ. ಆದರೆ ಹಾಗಿಲ್ಲ. ಅದರ ತಾಯಿಬೇರು ಬೇರೆ.

1970ರ ದಶಕದ ಆದಿಯಲ್ಲಿ ಗುಟ್ಸಿ ಸಂಸ್ಥೆ ಅಲೆಹಾಂದ್ರೊ ದೆ ತೊಮಾಸೊ ಎಂಬ ಉದ್ಯಮಿಯ ಕೈಸೇರಿತು. ಆಗ ಬೇಕಾಗಿದ್ದುದು ಕಡಿಮೆ ಖರ್ಚಿನಲ್ಲಿ ಹೇರಳವಾಗಿ ಮಾಡಬಹುದಾದ ಸಣ್ಣ ವಾಹನ. ಇಟಲಿಯಲ್ಲಿ 350 ಘನ ಸೆಂಟಿಮೀಟರು ಮೀರಿದ ಮೋಟಾರುಸೈಕಲ್ಲುಗಳ ಮೇಲೆ ತೆರಿಗೆಯೂ ಹೆಚ್ಚಾಗಿತ್ತು. ತೋಂತಿ ಮತ್ತೆ ರೇಖಾಪಟದ ಮುಂದೆ ಕುಳಿತು, ಕಾರ್ಕಾನೋನ ಜೋಡಣೆಯನ್ನು ಹಾಗೆಯೇ ಉಳಿಸಿಕೊಂಡು, ಒಳಗಿನ ಪ್ರತಿಯೊಂದು ಭಾಗವನ್ನೂ ಚಿಕ್ಕದಾಗಿ, ಹಗುರವಾಗಿ, ಅಗ್ಗವಾಗಿ ಹೊಸದಾಗಿ ರಚಿಸಿದನು. 1976ರಲ್ಲಿ ಜನರ ಮುಂದಿಟ್ಟ ವಿ-35 ಮತ್ತು ವಿ-50 ಈ ಸಣ್ಣ ಎಂಜಿನ್ನಿನ ವಾಹನಗಳು. ಮೊದಲಿನದರ ಗಾತ್ರ 346 ಘನ ಸೆಂಟಿಮೀಟರು, ಎರಡನೆಯದರದು 490. ವರ್ಷಗಳು ಕಳೆದಂತೆ ಇದೇ ಎಂಜಿನ್ನು ಬೆಳೆಯುತ್ತ ಹೋಗಿ 744 ಘನ ಸೆಂಟಿಮೀಟರನ್ನು ಮುಟ್ಟಿತು. 2004ರ ಕೊನೆಯಲ್ಲಿ ಸಂಸ್ಥೆ ಪಿಯಾಜ್ಜಿಯೋ ಸಮೂಹಕ್ಕೆ ಸೇರಿದ ಮೇಲೆ, ಈ ಎಂಜಿನ್ನಿಗೆ ಹಳೆಯ ವಿ-7ರ ಟ್ಯಾಂಕಿನ ರೂಪವನ್ನೂ ಹೆಸರನ್ನೂ ತೊಡಿಸಿದರು. ದೊಡ್ಡಪ್ಪನ ಹೆಸರನ್ನು ಮಗುವಿಗೆ ಇಟ್ಟಂತಾಯಿತು. ಮನೆತನ ಒಂದೇ, ರಕ್ತದ ಸಂಬಂಧವೂ ಇದೆ, ಆದರೆ 1967ರ ಎಂಜಿನ್ನಿನಿಂದ ಇದು ನೇರವಾಗಿ ಇಳಿದು ಬಂದುದಲ್ಲ.

ಇದನ್ನು ಮೋಸವೆನ್ನಬೇಕೆ? ನನ್ನ ಅಭಿಪ್ರಾಯದಲ್ಲಿ ಇಲ್ಲ. 2008ರ ಎಂಜಿನ್ನು ಸುಮಾರು 48 ಅಶ್ವಶಕ್ತಿಯದಾಗಿದ್ದು, ಹಳೆಯ ದೊಡ್ಡ ಎಂಜಿನ್ನಿಗಿಂತ ಸಣ್ಣದೂ ಹಗುರವೂ ಆಗಿತ್ತು. ಹೊಸಬರೂ ಕುಳ್ಳರೂ ಅಂಜದೆ ಏರಬಹುದಾದ ಗಾಡಿ ಅದರಿಂದ ಸಾಧ್ಯವಾಯಿತು. 2010ರಲ್ಲಿ ಬಂದ ವಿ-7 ರೇಸರಿಗೆ ಕೆಂಪು ಚೌಕಟ್ಟನ್ನು ಕೊಟ್ಟು ಹಿರಿಯನಿಗೆ ನಮಸ್ಕರಿಸಿದರು. ಇಂಥವು ವೇಷವೇ ಸರಿ, ಆದರೆ ನಿರುಪದ್ರವಿ ವೇಷ. ನಿಜವಾದ ಪರೀಕ್ಷೆ ಬಣ್ಣದಲ್ಲಿಲ್ಲ, ಸಿಲಿಂಡರಿನ ಮೇಲಿನ ರೆಕ್ಕೆಗಳಲ್ಲಿದೆ.

ಸಿಲಿಂಡರಿನೊಳಗೆ ಪೆಟ್ರೋಲು ಉರಿಯುವಾಗ ಅನಿಲದ ಉಷ್ಣತೆ 2,000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅದರ ಸುತ್ತಲಿನ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುವ ಲೋಹ. ಅದು ಕರಗದಿರುವುದು ಉರಿ ಕ್ಷಣಿಕವಾದುದರಿಂದ, ಮತ್ತು ಲೋಹಕ್ಕೆ ಸೇರಿದ ಉಷ್ಣವನ್ನು ಎಡೆಬಿಡದೆ ಹೊರಸಾಗಿಸುವುದರಿಂದ. ಸ್ಥೂಲವಾಗಿ ಹೇಳುವುದಾದರೆ ಇಂಧನದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುತ್ತದೆ; ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ; ಉಳಿದ ಪಾಲನ್ನು ಎಂಜಿನ್ನಿನ ಮೈಯಿಂದಲೇ ಕಳೆಯಬೇಕು. ಲೋಟದಲ್ಲಿ ಸುಡುವ ಕಾಫಿಯನ್ನು ಬಸಿಗೆ ಸುರಿದರೆ ಬೇಗ ಆರುವುದನ್ನು ನಾವು ದಿನವೂ ಕಾಣುತ್ತೇವೆ. ಕಾಫಿ ಅಷ್ಟೇ ಇದ್ದರೂ ಗಾಳಿಗೆ ತೆರೆದ ಮೈ ಹೆಚ್ಚಾಗುತ್ತದೆ. ಸಿಲಿಂಡರಿನ ರೆಕ್ಕೆಗಳ ತತ್ತ್ವವೂ ಇದೇ.

ಈಚಿನ ದಿನಗಳಲ್ಲಿ ಬಹುತೇಕ ತಯಾರಕರು ರೆಕ್ಕೆಗಳನ್ನು ಬಿಟ್ಟು, ಸಿಲಿಂಡರಿನ ಸುತ್ತ ನೀರು ಹರಿಸಿ, ಆ ನೀರನ್ನು ಮುಂದಿನ ರೇಡಿಯೇಟರಿನಲ್ಲಿ ಆರಿಸುವ ಕ್ರಮಕ್ಕೆ ಬಂದಿದ್ದಾರೆ. ಆದರೆ ರೆಕ್ಕೆಯಿಲ್ಲದ ಎಂಜಿನ್ನು ಕೊಳ್ಳುವವರ ಕಣ್ಣಿಗೆ ಹಳೆಯದಾಗಿ ಕಾಣುವುದಿಲ್ಲ. ಹೀಗಾಗಿ ಹಳೆಯ ರೂಪದ ಹಲವು ವಾಹನಗಳಲ್ಲಿ ಒಳಗೆ ನೀರು, ಹೊರಗೆ ಅಲಂಕಾರಕ್ಕೆ ರೆಕ್ಕೆ ಎಂಬ ಏರ್ಪಾಡು ಬಂದಿದೆ. ಇಂಗ್ಲೆಂಡಿನ ಟ್ರಯಂಫ್ ಬಾನ್ನೆವಿಲ್ 2016ರಿಂದ ಹೀಗಿದೆ. ಅದಕ್ಕೂ ಮೊದಲೇ ಅದರ ಇಂಧನ ಸಿಂಪಡಿಸುವ ಸಾಧನಕ್ಕೆ ಹಳೆಯ ಕಾರ್ಬುರೆಟರಿನ ಮುಖವಾಡ ತೊಡಿಸಿದ್ದರು. ನಮಗೆ ಹತ್ತಿರದ ಉದಾಹರಣೆಯೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿ ಗಾಡಿಗಳ ರೆಕ್ಕೆಗಳು ನಿಜವಾಗಿಯೂ ಗಾಳಿ ಕುಡಿಯುತ್ತಿದ್ದವು. 2018ರಲ್ಲಿ ಬೇರೆ ಸಂಸ್ಥೆಯಿಂದ, ಬೇರೆ ರಾಜ್ಯದ ಕಾರ್ಖಾನೆಯಿಂದ ಮರಳಿ ಬಂದ 293 ಘನ ಸೆಂಟಿಮೀಟರಿನ ಜಾವಾ ಮೈಸೂರಿನ ಗಾಡಿಯ ಮುಖವನ್ನು ಬಹಳ ಚೆನ್ನಾಗಿ ಹೋಲುತ್ತದೆ. ಆದರೆ ಅದರ ಎಂಜಿನ್ನನ್ನು ತಣಿಸುವುದು ದ್ರವ. ರೆಕ್ಕೆಗಳಿವೆ, ಮುಖ್ಯ ಕೆಲಸ ಅವುಗಳದಲ್ಲ.

ವಿ-7ರಲ್ಲಿ ರೇಡಿಯೇಟರು ಇಲ್ಲ. ನೀರಿನ ಕೊಳವೆ, ಪಂಪು ಯಾವುದೂ ಇಲ್ಲ. ಗಾಳಿಗೊಡ್ಡಿದ ಆ ಎರಡು ಸಿಲಿಂಡರುಗಳು ಗಾಳಿಯಿಂದಲೇ ತಣಿಯುತ್ತವೆ. ಅಂದರೆ ಕಣ್ಣಿಗೆ ಅತ್ಯಂತ ಹಳೆಯದಾಗಿ ಕಾಣುವ ಭಾಗವೇ ಇಲ್ಲಿ ಅತ್ಯಂತ ಪ್ರಾಮಾಣಿಕವಾದ ಭಾಗ. ಆದರೆ ಈ ಪ್ರಾಮಾಣಿಕತೆ ಅಗ್ಗವಾಗಿ ದೊರೆತುದಲ್ಲ.

ನೀರಿನಿಂದ ತಣಿಯುವ ಎಂಜಿನ್ನಿನ ಉಷ್ಣತೆ ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ, ಏರಿನಲ್ಲಿಯೂ ಸಮತಟ್ಟಿನಲ್ಲಿಯೂ, ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಗಾಳಿಯಿಂದ ತಣಿಯುವುದರ ಉಷ್ಣತೆ ಸಂದರ್ಭಕ್ಕೆ ತಕ್ಕಂತೆ ಏರಿಳಿಯುತ್ತದೆ. ಸಂಚಾರದೀಪದ ಮುಂದೆ ನಿಂತಾಗಲಂತೂ ಗಾಳಿಯೇ ಇಲ್ಲ. ಲೋಹ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಎಡೆಯಿರಲೆಂದು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಹೆಚ್ಚಿನ ಅಂತರ ಬಿಡಬೇಕು. ಆ ಸಂದಿಯಲ್ಲಿ ಎಣ್ಣೆಯೂ ಅರೆಬೆಂದ ಇಂಧನವೂ ನುಸುಳುತ್ತವೆ. ಸಿಲಿಂಡರಿನ ತಲೆ ಬಹಳ ಕಾದರೆ ಇಂಧನ ಕಾಲಕ್ಕೆ ಮೊದಲೇ ಸಿಡಿದು ಎಂಜಿನ್ನು ಕಟಕಟ ಬಡಿಯುತ್ತದೆ. ಆದುದರಿಂದ ಮಿಶ್ರಣವನ್ನು ಬಹಳ ಒತ್ತುವಂತಿಲ್ಲ. ಹಿಂದಿನ ಕಾಲದಲ್ಲಿ ಇದಕ್ಕೊಂದು ಸುಲಭೋಪಾಯವಿತ್ತು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಪೆಟ್ರೋಲನ್ನು ಒಳಬಿಟ್ಟರೆ ಅದು ಆವಿಯಾಗುತ್ತ ಒಳಗನ್ನು ತಣಿಸುತ್ತಿತ್ತು. ಆದರೆ ಹೊಗೆ ಶುದ್ಧಿಮಾಡುವ ಈಗಿನ ವೇಗವರ್ಧಕ ಪೆಟ್ಟಿಗೆ ಸರಿಯಾಗಿ ಕೆಲಸಮಾಡಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಎಂಬ ಪ್ರಮಾಣವನ್ನು ಬಿಟ್ಟು ಕದಲುವಂತಿಲ್ಲ. ಹಳೆಯ ಉಪಾಯದ ಬಾಗಿಲು ಹೀಗೆ ಮುಚ್ಚಿಹೋಯಿತು.

ನಿಯಮಗಳ ಬಿಗಿ ಎಷ್ಟೆಂಬುದನ್ನು ಅಂಕಿಗಳಿಂದ ತಿಳಿಯಬಹುದು. ವಿ-7 ಕ್ಲಾಸಿಕ್ ಹುಟ್ಟಿದಾಗ ಜಾರಿಯಲ್ಲಿದ್ದ ಯೂರೋಪಿನ ಮೂರನೆಯ ಹಂತದ ನಿಯಮದಂತೆ, ಈ ವರ್ಗದ ವಾಹನ ಪ್ರತಿ ಕಿಲೋಮೀಟರಿಗೆ 0.3 ಗ್ರಾಂ ಅರೆಬೆಂದ ಹೈಡ್ರೋಕಾರ್ಬನ್ನನ್ನು ಬಿಡಬಹುದಾಗಿತ್ತು. ನಾಲ್ಕನೆಯ ಹಂತದಲ್ಲಿ ಇದು 0.17 ಗ್ರಾಮಿಗೆ ಇಳಿಯಿತು. 2020ರಿಂದ ಜಾರಿಗೆ ಬಂದ ಐದನೆಯ ಹಂತದಲ್ಲಿ 0.1 ಗ್ರಾಮಿಗೆ. ನೈಟ್ರೊಜನ್ನಿನ ಆಕ್ಸೈಡುಗಳ ಮಿತಿ ಇದೇ ಅವಧಿಯಲ್ಲಿ 0.15 ಗ್ರಾಮಿನಿಂದ 0.06 ಗ್ರಾಮಿಗೆ ಇಳಿಯಿತು. ಅಳೆಯುವ ಕ್ರಮವೂ ನಡುವೆ ಬದಲಾದುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಗಾಳಿಯಿಂದ ತಣಿಯುವ ಎಷ್ಟೋ ಎಂಜಿನ್ನುಗಳು ಈ ಏಣಿಯನ್ನು ಏರಲಾರದೆ ಕಣ್ಮರೆಯಾದವೆಂಬುದು ಸತ್ಯ.

ಗುಟ್ಸಿಯ ತಜ್ಞರು ಸಿಲಿಂಡರಿನ ಒಳಗಿನ ಆಕಾರದ ಮೇಲೆ ಕೈಹಾಕಿದರು. ತೋಂತಿಯ ಸಣ್ಣ ಎಂಜಿನ್ನಿನಲ್ಲಿ ಸಿಲಿಂಡರಿನ ತಲೆಯ ಒಳಮೈ ಹಲಗೆಯಂತೆ ಚಪ್ಪಟೆಯಾಗಿತ್ತು. ಇಂಧನ ಉರಿಯುವ ಕುಳಿ ಪಿಸ್ಟನ್ನಿನ ನೆತ್ತಿಯಲ್ಲಿತ್ತು. ಮಾಡುವುದಕ್ಕೆ ಇದು ಬಹಳ ಸುಲಭ. ಆದರೆ ಕವಾಟಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಬೇಕಾದುದರಿಂದ ಅವುಗಳ ಗಾತ್ರಕ್ಕೆ ಮಿತಿಯಿತ್ತು; ಅಲ್ಲದೆ ಉರಿಯೆಲ್ಲ ಪಿಸ್ಟನ್ನಿನ ಬಟ್ಟಲಿನಲ್ಲಿಯೇ ನಡೆದು ಪಿಸ್ಟನ್ನು ವಿಪರೀತ ಕಾಯುತ್ತಿತ್ತು. ಪಿಸ್ಟನ್ನಿಗೆ ರೆಕ್ಕೆ ಕಟ್ಟಲಾಗದಷ್ಟೆ! 2017ರ ವಿ-7ರಲ್ಲಿ ಈ ಏರ್ಪಾಡನ್ನು ಬಿಟ್ಟು, ಕುಳಿಯನ್ನು ತಲೆಗೇ ವರ್ಗಾಯಿಸಿ, ಅರ್ಧಗೋಲದ ಆಕಾರ ಕೊಟ್ಟರು. ಕವಾಟಗಳು ಎದುರುಬದುರಾಗಿ ಓರೆಗೊಂಡು ದೊಡ್ಡವಾದವು. ಮಿಶ್ರಣ ಒಂದು ಕಡೆಯಿಂದ ಬಂದು ಹೊಗೆ ಇನ್ನೊಂದು ಕಡೆಯಿಂದ ಸರಾಗವಾಗಿ ಹೋಗುವಂತಾಯಿತು. ಉಷ್ಣ ಈಗ ಸೇರುವುದು ಹೆಚ್ಚಾಗಿ ತಲೆಗೆ, ಅಂದರೆ ಗಾಳಿ ತಾಕುವ ಭಾಗಕ್ಕೆ. ಗಾತ್ರ 744 ಆಗಿಯೇ ಉಳಿದರೂ ಶಕ್ತಿ 52 ಅಶ್ವಶಕ್ತಿಯಾಯಿತು.

ಸ್ವಾರಸ್ಯವೆಂದರೆ, ಅರ್ಧಗೋಲದ ತಲೆ ತೋಂತಿಯ ಚಪ್ಪಟೆ ತಲೆಗಿಂತ ಹಳೆಯ ಕಲ್ಪನೆ. ಹೊಸ ನಿಯಮವನ್ನು ಗೆಲ್ಲಲು ಹೋದವರು ಇನ್ನೂ ಹಳೆಯದರ ಕಡೆಗೆ ನಡೆದರು. ಕವಾಟಗಳನ್ನು ತೆರೆಯುವ ಕ್ರಮವೂ ಹಾಗೆಯೇ ಹಳೆಯದು. ಎಂಜಿನ್ನಿನ ಹೊಟ್ಟೆಯಲ್ಲಿರುವ ದಂಡವೊಂದು ಉದ್ದನೆಯ ಕಡ್ಡಿಗಳನ್ನು ಮೇಲಕ್ಕೊತ್ತಿ, ಅವು ತಲೆಯಲ್ಲಿರುವ ಸನ್ನೆಗಳನ್ನು ಅಲುಗಿಸುತ್ತವೆ. ಇದನ್ನು ಹಿಂದುಳಿದ ಕ್ರಮವೆಂದು ಜರೆಯುವವರಿದ್ದಾರೆ. ಆದರೆ ಅಡ್ಡಲಾಗಿ ಚಾಚಿದ ಎಂಜಿನ್ನಿಗೆ ಇದೇ ಹಿತ. ದಂಡವನ್ನು ತಲೆಯ ಮೇಲೆಯೇ ಕೂರಿಸಿದ್ದರೆ ಸಿಲಿಂಡರುಗಳು ಇನ್ನೂ ಉದ್ದವಾಗಿ ಸವಾರನ ಮೊಣಕಾಲಿಗೆ ಬಡಿಯುತ್ತಿದ್ದವು.

ಐದನೆಯ ಹಂತದ ನಿಯಮಕ್ಕೆ ಸಿದ್ಧವಾದ ವಿ-7 ಸಂಸ್ಥೆಯ ಶತಮಾನೋತ್ಸವದ ವರ್ಷವಾದ 2021ರಲ್ಲಿ ಬಂದಿತು. ವ್ಯಾಸ 84 ಮಿಲಿಮೀಟರು, ಓಟ 77, ಒಟ್ಟು 853 ಘನ ಸೆಂಟಿಮೀಟರು. ಶಕ್ತಿ ನಿಮಿಷಕ್ಕೆ 6,800 ಸುತ್ತಿನಲ್ಲಿ 65 ಅಶ್ವಶಕ್ತಿ, ಅಂದರೆ ಹಿಂದಿನದಕ್ಕಿಂತ ಕಾಲು ಪಾಲು ಹೆಚ್ಚು. ತಿರುಚುಬಲ 5,000 ಸುತ್ತಿನಲ್ಲಿ 73 ನ್ಯೂಟನ್-ಮೀಟರು. ಇದರ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾದುದು 3,000 ಸುತ್ತಿನಲ್ಲಿಯೇ ಸಿಗುವುದೆಂಬುದು ಅಶ್ವಶಕ್ತಿಗಿಂತ ಮುಖ್ಯವಾದ ಸಂಗತಿ. ಸಾಮಾನ್ಯ ಸವಾರ ದಿನದ ಬಹುಭಾಗ ಓಡಿಸುವುದು ಆ ವೇಗದಲ್ಲಿಯೇ. ಗೇರು ಆರು. ಟ್ಯಾಂಕು ಹಿಡಿಯುವ ಪೆಟ್ರೋಲು 21 ಲೀಟರು. ಆಸನ ನೆಲದಿಂದ 780 ಮಿಲಿಮೀಟರು ಎತ್ತರ. ಮುಂದಿನ ಚಕ್ರ 18 ಅಂಗುಲ, ಹಿಂದಿನದು 17. ಹಿಂದಿನ ಟೈರಿನ ಅಗಲವನ್ನು 130ರಿಂದ 150 ಮಿಲಿಮೀಟರಿಗೆ ಹೆಚ್ಚಿಸಲಾಯಿತು. ಮುಂದೆ 320 ಮಿಲಿಮೀಟರಿನ ಒಂದೇ ಬ್ರೇಕು ತಟ್ಟೆ. ಎಣ್ಣೆ, ಪೆಟ್ರೋಲು ಸೇರಿ ತೂಕ ಸುಮಾರು 220 ಕಿಲೋಗ್ರಾಂ.

ಈ ಅಂಕಿಗಳನ್ನು ಜಪಾನಿನ ವಾಹನಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ವಿ-7 ಸೋಲುತ್ತದೆ. ನೀರಿನಿಂದ ತಣಿಯುವ ಇಷ್ಟೇ ಗಾತ್ರದ ಎಂಜಿನ್ನಿನಿಂದ ನೂರಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಪಡೆಯುವುದು ಇಂದು ಕಷ್ಟವಲ್ಲ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಾಂಡೆಲ್ಲೋದಲ್ಲಿಯೇ ರೂಪುಗೊಂಡು ಆ ಊರಿನ ಹೆಸರನ್ನೇ ಹೊತ್ತ ವಿ-100 ಮಾಂಡೆಲ್ಲೋ 2022ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ 1,042 ಘನ ಸೆಂಟಿಮೀಟರಿನ ಎಂಜಿನ್ನು 115 ಅಶ್ವಶಕ್ತಿಯನ್ನು ಕೊಡುತ್ತದೆ. ಸಿಲಿಂಡರುಗಳು ಅಲ್ಲಿಯೂ ಅಡ್ಡಲಾಗಿಯೇ, 90 ಡಿಗ್ರಿಯಲ್ಲಿಯೇ ಇವೆ. ಕಾರ್ಕಾನೋನ ಜೋಡಣೆಗೆ ಕುಂದು ಬಂದಿಲ್ಲ. ಆದರೆ ಅವುಗಳ ಸುತ್ತ ಹರಿಯುವುದು ದ್ರವ.

ಹೀಗೆ ಒಂದೇ ಸೂರಿನ ಕೆಳಗೆ ಈಗ ಎರಡು ಮಾರ್ಗಗಳಿವೆ. ಗಾಳಿಯ ಮಾರ್ಗವನ್ನು ಸಂಸ್ಥೆ ಇನ್ನೂ ಕೈಬಿಟ್ಟಿಲ್ಲ. 2025ರ ವಿ-7ರಲ್ಲಿ ಹಿಡಿಕೆಗೂ ಎಂಜಿನ್ನಿನ ಗಾಳಿಬಾಗಿಲಿಗೂ ನಡುವೆ ಇದ್ದ ತಂತಿಯನ್ನು ತೆಗೆದುಹಾಕಿದ್ದಾರೆ. ಸವಾರ ಹಿಡಿಕೆಯನ್ನು ತಿರುವಿದರೆ ಅದು ಗಣಕಕ್ಕೆ ಒಂದು ಕೋರಿಕೆ ಮಾತ್ರ. ಬಾಗಿಲನ್ನು ಎಷ್ಟು ತೆರೆಯಬೇಕೆಂಬುದನ್ನು ಗಣಕ ನಿರ್ಧರಿಸಿ ಸಣ್ಣ ವಿದ್ಯುನ್ಮೋಟಾರಿನಿಂದ ತೆರೆಯುತ್ತದೆ. ಇದರಿಂದ ಮಿಶ್ರಣದ ಪ್ರಮಾಣವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿಟ್ಟು, ಐದನೆಯ ಹಂತದ ಮೇಲೆ ಮತ್ತೆ ಸೇರಿಸಿದ ಕಟ್ಟಳೆಗಳನ್ನೂ ಪಾಲಿಸಲು ಸಾಧ್ಯವಾಗಿದೆ. ಶಕ್ತಿ 67 ಅಶ್ವಶಕ್ತಿಯನ್ನು ದಾಟಿದೆ. ತಿರುಚುಬಲ 79 ನ್ಯೂಟನ್-ಮೀಟರಿಗೆ ಏರಿದೆ. ಅದೇ ವರ್ಷ ವಿ-7 ಸ್ಪೋರ್ಟ್ ಎಂಬ ತೋಂತಿಯ ಗಾಡಿಯ ಹೆಸರೂ ಮರಳಿ ಬಂದಿತು. ಅದಕ್ಕೆ ಮುಂದೆ ಎರಡು ಬ್ರೇಕು ತಟ್ಟೆಗಳು, ವಾಹನ ಎಷ್ಟು ವಾಲಿದೆಯೆಂಬುದನ್ನು ಅಳೆದು ಬ್ರೇಕನ್ನು ಹದಗೊಳಿಸುವ ಉಪಕರಣ. ರೆಕ್ಕೆಗಳು ಮಾತ್ರ ಹಾಗೆಯೇ ಇವೆ. ದೂರ ಓಡಿ ಬಂದು ನಿಲ್ಲಿಸಿದಾಗ ಅವು ಆರುತ್ತ, ಕುಗ್ಗುತ್ತ, ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದು ಸದ್ದುಮಾಡುತ್ತಿರುತ್ತವೆ.